ಹದಿನಾರನೆಯ ಹಲಗೆ

೨೨ ಏಪ್ರಿಲ್

ಭಾವನವರಿಗೆ,

ನೀವು ವಿಮಾನ ಹತ್ತಿದ ಮೇಲೆ ಅಕ್ಕ ಮೊದಲು ಮಾಡಿದ ಕೆಲಸ ಏನು ಗೊತ್ತೇ? ಬೈಕ್ ನಿಲ್ಲುತ್ತಿದ್ದ ಜಾಗಕ್ಕೆ ಬಟ್ಟೆ ನೆನೆಸುವ ಟಬ್ ತಂದಿಟ್ಟಳು. ನೆಲದ ಮೇಲಿನ ಎಣ್ಣೆಯ ಕಲೆ ಕಣ್ಣಿಗೆ ಬೀಳಬಾರದಂತೆ. ಟಬ್ ಚಿಕ್ಕದು, ಕಲೆ ದೊಡ್ಡದು. ಮೂರು ಕಡೆ ಹೊರಗೆ ಇಣುಕುತ್ತಿದೆ. ಹೇಳಿ ಬೈಸಿಕೊಳ್ಳುವುದು ಯಾಕೆಂದು ಸುಮ್ಮನಿದ್ದೇನೆ.

ಫೋನು ಬೇಡ, ಕಾಗದ ಬರಿ ಎಂದಿರಿ. ಫೋನಿನಲ್ಲಿ ನಾನು ಬಾಯಿ ತೆರೆದರೆ ನಿಮಗೆ ಸಂದು ಸಿಗುವುದಿಲ್ಲ ಎಂಬ ದೂರು ನನ್ನ ಮೀಸೆಗಿಂತ ಹಳೆಯದು. ಆಗಲಿ. ಹಡಗಿನ ಏಜೆಂಟರು ಸರಕಿನ ಕಾಗದಪತ್ರಗಳನ್ನು ಒಂದು ಚೀಲಕ್ಕೆ ಹಾಕಿ ನೀವಿರುವ ಬಂದರಿಗೆ ಕಳಿಸುತ್ತಿರುತ್ತಾರೆ. ಅದರೊಳಗೆ ಇದನ್ನು ತುರುಕುತ್ತೇನೆ. ನೀವೂ ಅಲ್ಲಿನ ಕಚೇರಿಯಲ್ಲಿ ಕೊಡಿ. ಎಂಟು ಹತ್ತು ದಿನಕ್ಕೆ ಕೈಸೇರುತ್ತದೆ.

ಹಡಗಿನಲ್ಲಿ ಬರುವ ಬೈಕಿನ ಪೆಟ್ಟಿಗೆ ಬಿಚ್ಚುವಾಗ ಬೇಕಾದೀತೆಂದು ಬರೆಯುತ್ತಿದ್ದೇನೆ. ಟ್ಯಾಂಕಿನಲ್ಲಿ ಒಂದು ಹನಿ ಪೆಟ್ರೋಲ್ ಇಲ್ಲ. ಬ್ಯಾಟರಿಯ ತಂತಿ ಕಳಚಿ ಟೇಪು ಸುತ್ತಿದ್ದೇನೆ. ಟೈರಿನ ಗಾಳಿ ಅರ್ಧ ಇಳಿಸಿದ್ದೇನೆ. ಮುಂದಿನ ಚಕ್ರ ಬಿಚ್ಚಿ ಪಕ್ಕಕ್ಕೆ ಕಟ್ಟಿದೆ, ಅದರ ನಟ್ಟುಗಳು ಒಂದು ಡಬ್ಬಿಯಲ್ಲಿವೆ. ಕನ್ನಡಿ ಎರಡನ್ನೂ ನಿಮ್ಮ ಹಳೆಯ ಅಂಗಿಯಲ್ಲಿ ಸುತ್ತಿದ್ದೇನೆ. ಆ ಅಂಗಿಯನ್ನು ಅಕ್ಕ ಎರಡು ದಿನ ಹುಡುಕಿದಳು. ನಾನು ಸಿಕ್ಕಿಬೀಳಲಿಲ್ಲ.

ಇನ್ನು ಪೆಟ್ಟಿಗೆ. ಹದಿನಾರು ಹಲಗೆ. ಒಳಗಿನ ಹುಳ ಸಾಯುವಷ್ಟು ಕಾಯಿಸಿ, ಕಾದ ಕಬ್ಬಿಣದಲ್ಲಿ ನಮ್ಮ ಪರವಾನಗಿಯ ಮುದ್ರೆ ಒತ್ತಿದವು. ಆ ಮುದ್ರೆ ಇಲ್ಲದ ಮರವನ್ನು ಯಾವ ಬಂದರೂ ಒಳಗೆ ಬಿಡುವುದಿಲ್ಲ. ಅದಕ್ಕೇ ನಮ್ಮ ಪೆಟ್ಟಿಗೆ ಕಾರ್ಖಾನೆಯಲ್ಲಿ ಮೂವತ್ತು ವರ್ಷದ ಪದ್ಧತಿಯೊಂದಿದೆ: ಕೊನೆಯ ಮೊಳೆಗೆ ಮುಂಚೆ ಸರಕಿನ ಒಡೆಯರೇ ಪೆಟ್ಟಿಗೆಗೆ ಸುತ್ತು ಹಾಕಿ ಮುದ್ರೆ ಎಣಿಸಿ ಗಟ್ಟಿಯಾಗಿ ಹೇಳಬೇಕು, ನಾನು ಬರೆದುಕೊಳ್ಳಬೇಕು. ಮಾರ್ಚಿನಲ್ಲಿ ಆ ದಿನ ನೀವು ಒಂದಲ್ಲ, ಎರಡು ಸುತ್ತು ಹಾಕಿದಿರಿ. "ಹದಿನಾರು" ಎಂದಿರಿ. ಬರೆದೆ.

ತಲುಪಿದ್ದಕ್ಕೆ ಎರಡು ಸಾಲು ಬರೆಯಿರಿ. ಅಕ್ಕ ಕೇಳುವುದಿಲ್ಲ, ಆದರೆ ಕೇಳದೇ ಇರುವುದನ್ನು ತುಂಬಾ ಜೋರಾಗಿ ಮಾಡುತ್ತಿದ್ದಾಳೆ.

ಟಬ್ಬಿನ ಕಾವಲುಗಾರ,
ನಿಮ್ಮ ಭಾಮೈದ


೪ ಮೇ

ಭಾಮೈದ,

ತಲುಪಿದೆ. ಒಂದು ಲಾಂಡ್ರಿಯ ಮೇಲಿನ ಕೋಣೆ ಸಿಕ್ಕಿದೆ. ಕೆಳಗೆ ಆರು ಯಂತ್ರ ಒಟ್ಟಿಗೆ ತಿರುಗುವಾಗ ಮಂಚ ನಡೆಯುತ್ತದೆ. ಬೆಳಿಗ್ಗೆ ಗೋಡೆಗೆ ಹತ್ತಿಸಿಟ್ಟರೆ ಸಂಜೆಗೆ ಒಂದು ಗೇಣು ಈಚೆ ಬಂದಿರುತ್ತದೆ. ಮನೆಯೊಡತಿಗೆ ಲಾಂಡ್ರಿಯಮ್ಮ ಎಂದು ಹೆಸರಿಟ್ಟಿದ್ದೇನೆ. ನನ್ನ ಮುರುಕು ಭಾಷೆ ಕೇಳಿ ನಗುತ್ತಾಳೆ, ಆದರೆ ಕೇಳುತ್ತಾಳೆ.

ಇಲ್ಲಿಯ ಕಚೇರಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ. "ಅರವತ್ಮೂರು ವರ್ಷ, ಒಬ್ಬರೇ, ಆ ದಾರಿ ಯಾಕೆ?" ನೀನೂ ಕೇಳಿದ್ದೆ. ನಿನಗೆ ಸರಿಯಾಗಿ ಹೇಳಲಿಲ್ಲ, ಈಗ ಹೇಳುತ್ತೇನೆ.

ಮೂವತ್ತೈದು ವರ್ಷ ಬೇರೆಯವರ ಬೈಕ್ ರಿಪೇರಿ ಮಾಡಿದೆ. ನಾನು ಬಿಗಿದ ನಟ್ಟುಗಳು ಎಲ್ಲೆಲ್ಲಿಗೋ ಹೋಗಿಬಂದವು. ನನ್ನ ಬೈಕ್ ಮನೆಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಮನೆಗೆ. ಗೋಡೆಯ ಮೇಲಿನ ಆ ಫೋಟೋ ನೆನಪಿದೆಯಲ್ಲ, ಗಿರಾಕಿಯೊಬ್ಬ ಕಳಿಸಿದ್ದು: ಜಲ್ಲಿಯ ದಾರಿ, ಅದು ಮುಗಿಯುವಲ್ಲಿ ಒಂದು ಕಬ್ಬಿಣದ ಕಂಬ, ಕಂಬಕ್ಕೆ ಒರಗಿ ನಿಂತ ಅವನು. ಈ ಬಂದರಿನಿಂದ ಅಲ್ಲಿಗೆ ಸಾವಿರದ ನಾನೂರು ಕಿಲೋಮೀಟರ್. ನಡುವೆ ಊರಿಲ್ಲ, ಮರವಿಲ್ಲ. ಪೆಟ್ರೋಲ್ ಸಿಗುವ ಠಾಣೆ ಮೂರೇ ಮೂರು, ಕೊನೆಯದು ಕಂಬದ ಬುಡದಲ್ಲೇ. ಸೆಪ್ಟೆಂಬರ್ ಹದಿನೈದಕ್ಕೆ ಹಿಮ ಬಿದ್ದು ದಾರಿ ಮುಚ್ಚುತ್ತದೆ.

ಕಣ್ಣಿನ ಡಾಕ್ಟರು ಒಂದು ವೃತ್ತ ಬರೆದು ಅಂಚಿನಿಂದ ಒಳಕ್ಕೆ ಪೆನ್ಸಿಲಿನಲ್ಲಿ ಕಪ್ಪು ಬಳಿಯುತ್ತ ಬಂದರು. "ಈಗ ಇಲ್ಲೀವರೆಗೆ ಬಂದಿದೆ" ಎಂದರು. ನಡುವೆ ಉಳಿದದ್ದು ಬೆಳಕು. ಚಳಿಗಾಲದ ಹೊತ್ತಿಗೆ ಅದೂ ಮುಚ್ಚಬಹುದಂತೆ. ನಮ್ಮ ಬೀದಿಗಳಲ್ಲಿ ನಾನಿನ್ನು ಓಡಿಸಲಾರೆ, ಅಲ್ಲಿ ಬರುವುದೆಲ್ಲ ಪಕ್ಕದಿಂದಲೇ ಬರುತ್ತದೆ. ಆ ದಾರಿಯಲ್ಲಿ ಪಕ್ಕದಿಂದ ಬರಲು ಯಾರೂ ಇಲ್ಲ. ಎದುರಿನದು ಕಂಡರೆ ಸಾಕು. ಎದುರಿನದು ನನಗಿನ್ನೂ ಚೆನ್ನಾಗಿ ಕಾಣುತ್ತದೆ.

ನನಗೆ ಉಳಿದಿರುವ ದಾರಿ ಅದೊಂದೇ ಕಣೋ. ಹಡಗು ಒಂಬತ್ತಕ್ಕೆ ಬರುತ್ತದೆ.

ಭಾವ


೧೭ ಮೇ

ಭಾಮೈದ,

ಪೆಟ್ಟಿಗೆ ಇಳಿಯಿತು, ಆದರೆ ನನ್ನ ಕೈಗೆ ಬರಲಿಲ್ಲ. ತಪಾಸಣೆಯಲ್ಲಿ ಹಿಡಿದಿಟ್ಟಿದ್ದಾರೆ. ಹದಿನೈದು ಹಲಗೆಗೆ ಮುದ್ರೆ ಇದೆ, ಎಡಬದಿಯ ಒಂದಕ್ಕೆ ಇಲ್ಲವಂತೆ. ಆ ಹಲಗೆಯಲ್ಲಿ ಸೂಜಿಯಷ್ಟು ತೂತುಗಳು, ಒಳಗೆ ಜೀವಂತ ಹುಳ. ನಾನು ಎಣಿಸಿದ್ದೆನೆಂದು ಅವರಿಗೆ ಹೇಳಲಿಲ್ಲ.

ಅಧಿಕಾರಿ ಒಬ್ಬ ಹೆಂಗಸು. ಜೇಬಿನಲ್ಲಿ ಭೂತಗನ್ನಡಿ, ಗಾಜಿನ ಸೀಸೆಯಲ್ಲಿ ನಮ್ಮ ಹುಳ. ಲಾಂಡ್ರಿಯಮ್ಮನಿಗೆ ಹೇಳುವಾಗ ಹುಳದ ಮೇಡಂ ಎಂದೆ, ಈಗ ಬೀದಿಗೆಲ್ಲ ಅದೇ ಹೆಸರಾಗಿದೆ. ಕೆಟ್ಟವಳಲ್ಲ. "ಒಂದು ಹಲಗೆ ಸುಳ್ಳಾದ್ರೆ ಉಳಿದ ಹದಿನೈದು ಮುದ್ರೆನ ನಾನು ಹೇಗೆ ನಂಬಲಿ? ಮುದ್ರೆ ಒತ್ತಿದವರೇ ಬರೆದುಕೊಡಲಿ, ಆ ಹಲಗೆ ಹೇಗೆ ಬಂತು ಅಂತ. ಅವರ ಸಹಿ, ಅವರ ಪರವಾನಗಿ ನಂಬರು. ಬಂದ ದಿನವೇ ಬೈಕ್ ಬಿಡ್ತೀನಿ" ಎಂದಳು. ಬರದಿದ್ದರೆ ಆಗಸ್ಟ್ ಹತ್ತರ ಹಡಗಿನಲ್ಲಿ ಪೆಟ್ಟಿಗೆಯನ್ನು ಹಾಗೇ ವಾಪಸು ಕಳಿಸುತ್ತಾರೆ.

ಎಲ್ಲರ ಕೈಯಲ್ಲೂ ತಪ್ಪಾಗುತ್ತದೆ. ನಾನು ಬ್ರೇಕ್ ಜೋಡಿಸದೆ ಬೈಕ್ ಕೊಟ್ಟವನು, ಗೊತ್ತಲ್ಲ. ಒಂದು ಹಾಳೆ ಬರೆದು ಕಳಿಸು, ಸಾಕು.

ಭಾವ


೩೦ ಮೇ

ಭಾವನವರಿಗೆ,

ಓದಿದವನೇ ಕಾರ್ಖಾನೆಯ ಹಿಂದಕ್ಕೆ ಓಡಿದೆ. ಕಾಯಿಸದ ಹಳೆಯ ಹಲಗೆಗಳನ್ನು ಹಿಂದಿನ ಗೋಡೆಗೆ ಒರಗಿಸಿಟ್ಟಿರುತ್ತೇವೆ, ಅದರಲ್ಲೊಂದು ಹೇಗೋ ಸೇರಿಕೊಂಡಿರಬೇಕು. ಮರ ಕಾಯಿಸುವವನು ಆ ವಾರ ರಜೆಯಲ್ಲಿದ್ದ. ವಿಚಾರಿಸುತ್ತಿದ್ದೇನೆ.

ಆದರೆ ಭಾವ, ಒಂದು ಮಾತು. ಹೀಗೆ ಮೊದಲ ಹೆಜ್ಜೆಗೇ ಅಡ್ಡಿ ಬಂದದ್ದು ಒಳ್ಳೆಯದಕ್ಕೇ ಇರಬಹುದಲ್ಲ? ಪೆಟ್ಟಿಗೆ ಹೇಗೂ ತಾನಾಗಿ ವಾಪಸು ಬರುತ್ತದೆ. ನೀವೂ ಬಂದುಬಿಡಿ. ಇಲ್ಲೇ ಎಲ್ಲಾದರೂ ಖಾಲಿ ಬಯಲು ನೋಡೋಣ. ನಾನು ನಾಲ್ಕು ಮೂಲೆಗೆ ನಾಲ್ಕು ಜನ ನಿಲ್ಲಿಸುತ್ತೇನೆ, ನಡುವೆ ನೀವು ಮನಸೋ ಇಚ್ಛೆ ಓಡಿಸಿ. ಒಂದು ಕಂಬ ಬೇಕಿದ್ದರೆ ಅದನ್ನೂ ನೆಡಿಸುತ್ತೇನೆ.

ಅಕ್ಕನಿಗೆ ವಿಷಯ ಹೇಳಿದೆ. "ಹೌದಾ" ಎಂದಳು. ಆಮೇಲೆ ಎರಡು ಸಲ ಬಂದು, ಪೆಟ್ಟಿಗೆ ಖಂಡಿತ ವಾಪಸು ಬರ್ತದಾ ಎಂದು ಕೇಳಿದಳು.

ನಿಮ್ಮ ಭಾಮೈದ


೧೬ ಜೂನ್

ಭಾಮೈದ,

ನಾನು ಕಂಬ ಕೇಳಲಿಲ್ಲ. ಒಂದು ಹಾಳೆ ಕೇಳಿದೆ.

ದಿನಾ ಉಗ್ರಾಣಕ್ಕೆ ಹೋಗುತ್ತೇನೆ. ಜಾಲರಿಯ ಆಚೆ ಪೆಟ್ಟಿಗೆ ಕೂತಿದೆ. ಎಡಬದಿಯ ಆ ಹಲಗೆ ಕಿತ್ತಿರುವುದರಿಂದ ಸಂದಿನಲ್ಲಿ ಟ್ಯಾಂಕಿನ ಅಂಚು ಕಾಣುತ್ತದೆ. ಮೊದಲ ದಿನ ಅದರ ಮೇಲಿನ ಗೀರು ಸಹ ಕಾಣುತ್ತಿತ್ತು, ನೀನು ಕಲಿಯುವಾಗ ಗೋಡೆಗೆ ಗುದ್ದಿ ಮಾಡಿದ ಗೀರು. ಈಗ ಟ್ಯಾಂಕ್ ಕಾಣುತ್ತದೆ, ಗೀರು ಎಲ್ಲಿದೆ ಎಂದು ಗೊತ್ತಿರುವುದರಿಂದ ಕಂಡಂತಾಗುತ್ತದೆ.

ಮೊನ್ನೆ ಬಾಗಿಲಿಗೆ ಭುಜ ತಗುಲಿತು. ತೆರೆದಿದೆ ಎಂದುಕೊಂಡಿದ್ದೆ. ಲಾಂಡ್ರಿಯಮ್ಮ ಏನೂ ಕೇಳದೆ ಬಾಗಿಲಿನ ಅಂಚಿಗೆ ಬಿಳಿಯ ಪಟ್ಟಿ ಅಂಟಿಸಿದಳು.

ಹಗಲು ಕೂತು ಮನಸ್ಸಿನಲ್ಲೇ ಆ ದಾರಿ ಓಡಿಸುತ್ತೇನೆ. ಮೊದಲ ಠಾಣೆಯವರೆಗೆ ಸಲೀಸು. ಆಮೇಲೆ ಜಲ್ಲಿ ದಪ್ಪವಾಗುತ್ತದಂತೆ. ಪ್ರತಿ ದಿನ ಅಲ್ಲಿಗೆ ಬರುವಾಗ ಕೆಳಗಿನ ಯಂತ್ರ ನಿಂತು ಎಚ್ಚರಾಗುತ್ತದೆ.

ಬೇಗ ಬರಿ. ನಿನಗೆ ಕೆಲಸ ಹೆಚ್ಚೆಂದು ಗೊತ್ತು. ನನ್ನ ಹತ್ತಿರ ಇರುವುದು ಕಡಿಮೆ ಆಗುತ್ತಿದೆ.

ಭಾವ


೨೮ ಜೂನ್

ಭಾವನವರಿಗೆ,

ಬರೆದಿದ್ದೇನೆ. ನಿಮ್ಮ ಹುಳದ ಮೇಡಂಗೆ ನೇರವಾಗಿ ಬೇರೆ ಅಂಚೆಯಲ್ಲಿ ಕಳಿಸಿದ್ದೇನೆ. ಸಿಕ್ಕೀತು. ಬೇರೆ ದೇಶದ ಅಂಚೆ, ತಡವಾಗಬಹುದು.

ಕಾರ್ಖಾನೆಯಲ್ಲಿ ಎಂಟೂ ಜನ ಆರೋಗ್ಯ. ಒಂದು ಮುದ್ರಣಯಂತ್ರ ಕಟ್ಟುತ್ತಿದ್ದೇವೆ, ಆನೆಯಷ್ಟಿದೆ. ನಮ್ಮ ಕಸುಬು ಎಂಥ ತಮಾಷೆ ನೋಡಿ. ಯಂತ್ರ ಮಾಡಿದವನ ಹೆಸರು ಯಂತ್ರದ ಮೇಲೆ ಉಳಿಯುತ್ತದೆ. ನಮ್ಮ ಹೆಸರು ಪೆಟ್ಟಿಗೆಯ ಮೇಲೆ, ಬಿಚ್ಚಿದ ದಿನವೇ ಒಲೆಗೆ. ಉಳಿಯುವುದು ಆ ಕಬ್ಬಿಣದ ಮುದ್ರೆಯೊಂದೇ. ಅದನ್ನು ಸರಕಾರ ಕೊಡುತ್ತದೆ, ತಪ್ಪು ಕಂಡರೆ ಕಿತ್ತುಕೊಳ್ಳುತ್ತದೆ. ಯಾಕೆ ಹೇಳಿದೆನೋ, ಬಿಡಿ.

ನಿಮ್ಮ ಮೂರೂ ಕಾಗದ ಮೇಜಿನ ಮೇಲೆ ಒಟ್ಟಿಗಿವೆ. ಎಣಿಸುವ ಚಾಳಿ ನನ್ನದು. ಮೇ ತಿಂಗಳಿನದರಲ್ಲಿ ಹಾಳೆಗೆ ಇಪ್ಪತ್ತನಾಲ್ಕು ಸಾಲು. ಜೂನಿನದರಲ್ಲಿ ಹದಿನೈದು. ಅಕ್ಷರ ದಪ್ಪವಾಗಿದೆ. ಒಳ್ಳೆಯ ಪೆನ್ನು ಸಿಕ್ಕಿತೇ?

ನಿಮ್ಮ ಭಾಮೈದ


೧೪ ಜುಲೈ

ಭಾಮೈದ,

ಪೆನ್ನು ಅದೇ.

ಹುಳದ ಮೇಡಂಗೆ ಯಾವ ಕಾಗದವೂ ಬಂದಿಲ್ಲ. ಐದು ದಿನ ಕೇಳಿದೆ. ಆರನೆಯ ದಿನ ಅವಳೇ ಅಂಚೆಪೆಟ್ಟಿಗೆಯ ಬೀಗ ತೆಗೆದು ನನ್ನ ಮುಂದೆ ಒಂದೊಂದಾಗಿ ತೋರಿಸಿದಳು. ಅವಳಿಗೆ ಪಾಪ ಅನ್ನಿಸಿತ್ತು. ಅದು ನನಗೆ ಬೇಡವಾಗಿತ್ತು.

ನೀನು ಹದಿನೈದು ವರ್ಷದವನಾಗಿದ್ದಾಗ ನನ್ನ ಗ್ಯಾರೇಜಿನಲ್ಲಿ ಡೊಂಕು ಮೊಳೆ ನೆಟ್ಟಗೆ ಮಾಡುತ್ತ ಕೂತಿರುತ್ತಿದ್ದೆ. ಆಗಲೂ ಸುಳ್ಳು ಹೇಳುವಾಗ ಅಂಚೆಯವನ ಮೇಲೆ, ಬಸ್ಸಿನವನ ಮೇಲೆ ಹೇಳುತ್ತಿದ್ದೆ.

ಬೀದಿ ದಾಟಲು ಈಗ ಲಾಂಡ್ರಿಯಮ್ಮನ ತೋಳು ಬೇಕು. ನಡುವಿನ ಬೆಳಕು ತಟ್ಟೆಯಷ್ಟಿದ್ದದ್ದು ಲೋಟದ ಬಾಯಿಯಷ್ಟಾಗಿದೆ. ಆದರೂ ಎದುರಿನದು ಕಾಣುತ್ತದೆ. ಇನ್ನೂ ಕಾಣುತ್ತದೆ ಕಣೋ. ಹತ್ತನೆಯ ತಾರೀಖಿಗೆ ಹಡಗು ಹೊರಡುತ್ತದೆ. ನಾನು ನಿನ್ನಲ್ಲಿ ಯಾವತ್ತೂ ಏನೂ ಬೇಡಿದವನಲ್ಲ. ಈಗ ಬೇಡುತ್ತಿದ್ದೇನೆ.

ಭಾವ


೨೪ ಜುಲೈ

ಭಾವನವರಿಗೆ,

ಒಂಬತ್ತು ಸಾಲು. ಹಾಳೆಗೆ ಒಂಬತ್ತೇ ಸಾಲು. ಕೊನೆಯ ಎರಡು ಒಂದರ ಮೇಲೊಂದು ಹತ್ತಿಕೊಂಡಿವೆ. ಅದನ್ನು ಬಿಡಿಸಿ ಓದಲು ನನಗೆ ಅರ್ಧ ದಿನ ಬೇಕಾಯಿತು. ಓದಿದ್ದು "ಬೇಡುತ್ತಿದ್ದೇನೆ" ಎಂದು.

ಇನ್ನು ಸುತ್ತಿ ಬಳಸುವುದಿಲ್ಲ. ನಾನು ಬರೆದಿರಲಿಲ್ಲ. ಆ ಹಲಗೆ ತಪ್ಪಿ ಬಂದದ್ದೂ ಅಲ್ಲ. ನಾನೇ ಹಾಕಿದ್ದು.

ಪೆಟ್ಟಿಗೆ ಕಟ್ಟುವ ಹಿಂದಿನ ದಿನ ಅಕ್ಕ ಕಾರ್ಖಾನೆಗೆ ಬಂದಿದ್ದಳು. ಮೂವತ್ತು ವರ್ಷದಲ್ಲಿ ಅವಳು ಅಲ್ಲಿಗೆ ಬಂದದ್ದು ಎರಡನೆಯ ಸಲ. ನಿಂತೇ ಮಾತಾಡಿದಳು. "ಕೆಡದ ಹಾಗೆ ಪೆಟ್ಟಿಗೆ ಕಟ್ತಾನೇ ಬಂದಿದೀಯ. ಒಂದೇ ಒಂದು ಕೆಡಿಸೋಕೆ ಆಗಲ್ವೇನೋ ನಿನ್ ಕೈಲಿ?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. "ಅವರು ಟೀ ಲೋಟಕ್ಕೆ ಕೈ ಚಾಚಿದ್ರೆ ಪಕ್ಕದ ಗಾಳಿ ಹಿಡೀತಾರೆ. ನಿಂಗೊತ್ತಾ? ನನ್ನ ಮುಂದೆ ಮಾತ್ರ ಹಿಡೀತಾರೆ, ನಿಮ್ಮೆಲ್ಲರ ಮುಂದೆ ಅಭ್ಯಾಸ ಮಾಡ್ಕೊಂಡು ಬರ್ತಾರೆ" ಎಂದು ಹೊರಟುಹೋದಳು.

ಅಂದು ನಿದ್ದೆ ಬರಲಿಲ್ಲ. ಬೆಳಿಗ್ಗೆ ಒಂದು ಉಪಾಯ ಹೊಳೆಯಿತು, ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಗೋಡೆಗೆ ಒರಗಿಸಿದ್ದ ಕಾಯಿಸದ ಹಲಗೆಗಳಲ್ಲಿ ಒಂದನ್ನು ತಂದು ಎಡಬದಿಗೆ, ನಿಮ್ಮ ಕಣ್ಣಿನ ಎತ್ತರಕ್ಕೇ ಹೊಡೆದೆ. ಮುದ್ರೆ ಎಣಿಸಿ ಎಂದೆ. ಕಣ್ಣಿದ್ದರೆ ಹದಿನೈದು ಎನ್ನುತ್ತೀರಿ. ಕಿತ್ತು, ಒಳ್ಳೆಯ ಹಲಗೆ ಹೊಡೆದು, ಕೈಮುಗಿದು ಕಳಿಸುತ್ತೇನೆ. ಹದಿನಾರು ಎಂದರೆ ನಿಮಗೆ ಕಾಣುತ್ತಿಲ್ಲ. ಬಂದರಿನವರು ತಡೆಯಲಿ, ನನ್ನ ಅಕ್ಕನ ಮನೆ ಉಳಿಯಲಿ. ಎರಡು ಸುತ್ತು ಹಾಕಿದಿರಿ. ಎರಡನೆಯ ಸುತ್ತಿನಲ್ಲಿ ಆ ಹಲಗೆಯ ಮುಂದೆಯೇ ನಿಂತಿರಿ. ನೀವು "ಹದಿನಾರು" ಎಂದಿರಿ.

ನೀವು ಎರಡು ವಾರದಲ್ಲಿ ಬೈದುಕೊಂಡು ವಾಪಸು ಬರುತ್ತೀರಿ ಎಂಬುದು ನನ್ನ ಲೆಕ್ಕ. ಜಾಲರಿಯ ಮುಂದೆ ಎರಡೂವರೆ ತಿಂಗಳು ಕೂರುತ್ತೀರಿ ಎಂದು ಲೆಕ್ಕ ಹಾಕಿರಲಿಲ್ಲ. ಆಮೇಲೆ ನಿಜ ಬರೆಯೋಣವೆಂದರೆ ಮುದ್ರೆ ಹೋಗುತ್ತದೆ, ಎಂಟು ಜನ ಬೀದಿಗೆ ಬೀಳುತ್ತಾರೆ ಎಂದು ಕೈ ತಡೆಯಿತು. ನನ್ನನ್ನು ಸೇರಿಸಿ ಒಂಬತ್ತು.

ಇದರೊಂದಿಗೆ ಬೇರೆ ಲಕೋಟೆ ಇದೆ. ಹುಳದ ಮೇಡಂ ಕೈಗೆ ಕೊಡಿ. ಒಳಗೆ ಬರೆದಿರುವುದು ಇಷ್ಟೇ: "ಎಡಬದಿಯ ಆ ಹಲಗೆ ಕಾಯಿಸದ್ದು, ಮುದ್ರೆಯಿಲ್ಲದ್ದು ಎಂದು ತಿಳಿದೇ ನಾನು ಹೊಡೆದೆ. ಉಳಿದ ಹದಿನೈದೂ ಸರಿಯಾದವು. ತಪ್ಪು ನನ್ನೊಬ್ಬನದು." ಸಹಿ ಇದೆ, ನಂಬರಿದೆ. ಇದರ ಪ್ರತಿಯನ್ನು ಇಲ್ಲಿನ ಪರವಾನಗಿ ಕಚೇರಿಗೆ ನಾನೇ ಹೋಗಿ ಕೊಟ್ಟು ಬಂದೆ. ಯಾಕೆಂದರೆ ಭಾವ, ನಾಳೆ ಬೆಳಿಗ್ಗೆ ಎದ್ದರೆ ನಾನು ಮತ್ತೆ ಬುದ್ಧಿವಂತನಾಗಿಬಿಡುತ್ತೇನೆ.

ಹೋಗಬೇಡಿ ಎಂದು ಹೇಳುವ ಬಾಯಿ ನನಗಿಲ್ಲ.

ನಿಮ್ಮ ಭಾಮೈದ


೬ ಆಗಸ್ಟ್

ಭಾಮೈದ,

ಬೈಕ್ ಬಿಟ್ಟರು. ಲಕೋಟೆ ಬಂದ ದಿನವೇ. ಹುಳದ ಮೇಡಂ ಮಾತಿಗೆ ತಪ್ಪಲಿಲ್ಲ.

ಅಳತೆಪಟ್ಟಿ ಇಟ್ಟುಕೊಂಡು ಬರೆಯುತ್ತಿದ್ದೇನೆ, ಹಾಳೆಗೆ ಆರು ಸಾಲು ಹಿಡಿಯುತ್ತದೆ. ಎಣಿಸುವ ಕಷ್ಟ ನಿನಗೆ ಬೇಡ. ಕಾಗದವನ್ನು ಲಾಂಡ್ರಿಯಮ್ಮ ಓದಲಾರಳು, ಅವಳಿಗೆ ನಮ್ಮ ಲಿಪಿ ಬರುವುದಿಲ್ಲ. ನಿನ್ನದನ್ನು ನಾನೇ ಓದಿದೆ, ಒಂದೊಂದೇ ಪದ, ಕಿಟಕಿಗೆ ಹಿಡಿದು, ಎರಡು ದಿನ.

ಆ ದಿನ ನಾನು ಎಣಿಸಿದ್ದು ಹದಿನೈದು.

ಮೊದಲ ಸುತ್ತಿನಲ್ಲಿ ಹದಿನೈದು. ಎಲ್ಲೋ ತಪ್ಪಿತೆಂದು ಎರಡನೆಯ ಸುತ್ತು ಹಾಕಿದೆ. ಎಡಬದಿಯ ಹಲಗೆಯ ಮುಂದೆ ನಿಂತೆ. ಮರದ ಗೆರೆಗಳು ಕಂಡವು, ಒಂದು ಗಂಟು ಕಂಡಿತು, ನೀನು ಹೊಡೆದ ಮೊಳೆಯ ತಲೆ ಕಂಡಿತು. ಮುದ್ರೆ ಕಾಣಲಿಲ್ಲ. ಮೂವತ್ತು ವರ್ಷದಲ್ಲಿ ಒಂದೂ ಪೆಟ್ಟಿಗೆ ವಾಪಸು ಬಾರದವನ ಕೈಕೆಲಸ ಅದು. ನನ್ನದು ಡಾಕ್ಟರು ಕಪ್ಪು ಬಳಿದ ಕಣ್ಣು. ನಿನ್ನ ಕೈ ತಪ್ಪುವುದಿಲ್ಲ, ನನ್ನ ಕಣ್ಣೇ ತಪ್ಪಿತು ಎಂದುಕೊಂಡೆ. ಹದಿನೈದು ಎಂದರೆ ನೀನು ಓಡಿಬಂದು, "ಇಲ್ಲೇ ಇದೆಯಲ್ಲ ಭಾವ" ಎಂದು ಬೆರಳಿಟ್ಟು ತೋರಿಸುತ್ತೀಯ, ಆಮೇಲೆ ಯಾರೂ ನನ್ನನ್ನು ಹೋಗಲು ಬಿಡುವುದಿಲ್ಲ ಎಂದು ಹೆದರಿದೆ. ಹದಿನಾರು ಎಂದೆ.

ನಿನ್ನ ಪರೀಕ್ಷೆಯಲ್ಲಿ ನಾನು ಪಾಸಾಗಿದ್ದೆ ಕಣೋ. ಆ ದಿನ ನನಗೆ ಕಣ್ಣಿತ್ತು. ಮೇ ತಿಂಗಳಲ್ಲಿ ಕಂಬ ಮುಟ್ಟಿ ಬಂದುಬಿಡುತ್ತಿದ್ದೆ.

ಈಗ ನಡುವಿನ ಬೆಳಕು ಅಂಗಿಯ ಗುಂಡಿಯಷ್ಟು. ಮುಂದಿನ ಚಕ್ರವನ್ನು ಕೈಯಿಂದ ತಡಕಿಯೇ ಜೋಡಿಸಿದೆ, ಅದಕ್ಕೆ ಕಣ್ಣು ಬೇಕಾಗಲಿಲ್ಲ. ನಾಳೆ ಹೊರಡುತ್ತೇನೆ. ಬೆಳಕಿರುವಾಗ ಮಾತ್ರ, ನಿಧಾನವಾಗಿ, ಗುಂಡಿಯೊಳಗೆ ಎಷ್ಟು ದಾರಿ ಹಿಡಿಸುತ್ತದೋ ಅಷ್ಟು.

ನಿನ್ನ ಅಕ್ಕನಿಗೆ ಇದನ್ನು ಓದಿ ಹೇಳು. ಲೋಟದ ವಿಷಯ ಅವಳು ನಿನಗೆ ಹೇಳಿದ್ದು ಸರಿ, ನನಗೆ ಹೇಳಬೇಕಿತ್ತು.

ಭಾವ


೨೦ ಆಗಸ್ಟ್

ಭಾವ,

ನಾನು ನಿಮ್ಮ ಕೋಣೆಯಲ್ಲೇ ಇದ್ದೇನೆ. ಲಾಂಡ್ರಿಯ ಮೇಲೆ. ಕಾಗದ ಸಿಕ್ಕ ಮೂರನೆಯ ದಿನ ವಿಮಾನ ಹತ್ತಿದೆ, ನಿನ್ನೆ ಮುಟ್ಟಿದೆ. ಬಾಗಿಲಿನ ಅಂಚಿಗೆ ಬಿಳಿಯ ಪಟ್ಟಿ ಇದೆ. ಮಂಚ ಕೋಣೆಯ ನಡುವೆ ಬಂದು ನಿಂತಿತ್ತು. ನೀವು ಹೋದ ಮೇಲೆ ಯಾರೂ ಅದನ್ನು ಹಿಂದಕ್ಕೆ ತಳ್ಳಿಲ್ಲ.

ಅಕ್ಕನಿಗೆ ಓದಿ ಹೇಳಿದೆ. "ಹದಿನೈದು" ಬಂದಾಗ ನಿಲ್ಲಿಸು ಎಂದಳು. "ಹಾಗಾದ್ರೆ ಕಾಣ್ತಿತ್ತು" ಎಂದಳು. ಎದ್ದು ಹೋಗಿ ಟಬ್ ಎತ್ತಿ ಗೋಡೆಗೆ ಒರಗಿಸಿದಳು. ನಾನು ಹೊರಡುವಾಗ ಬಾಗಿಲಿಗೆ ಬಂದವಳು ಒಂದೇ ಮಾತು ಹೇಳಿದಳು: "ಒಬ್ಬನೇ ವಾಪಸು ಬರಬೇಡ."

ಪರವಾನಗಿ ಕಚೇರಿಯವರು ಬಂದು ಕಬ್ಬಿಣದ ಮುದ್ರೆ ತೆಗೆದುಕೊಂಡು ಹೋದರು. ಎಂಟು ಜನರನ್ನೂ ಪಕ್ಕದ ಬೀದಿಯ ಪೆಟ್ಟಿಗೆಯವನು ಇಟ್ಟುಕೊಂಡಿದ್ದಾನೆ. ನನಗೂ ಜಾಗ ಇದೆ ಎಂದ, ಮೊಳೆ ಎಣಿಸಲು. 'ಆಮೇಲೆ ಹೇಳ್ತೀನಿ' ಎಂದು ಅರ್ಧ ನಕ್ಕು ಬಂದೆ.

ಇಂದು ಠಾಣೆಗಳಿಗೆ ಫೋನು ಮಾಡಿಸಿದೆ. ಬಂದವರು ಬಂದ ಸಹಿ, ಹೊರಟವರು ಹೊರಟ ಸಹಿ ಹಾಕುವ ಪುಸ್ತಕ ಅಲ್ಲಿದೆಯಂತೆ. ಮೊದಲ ಠಾಣೆಯಲ್ಲಿ ನಿಮ್ಮ ಎರಡೂ ಸಹಿ ಇವೆ. "ಎಷ್ಟು ದೊಡ್ಡ ಸಹಿ, ಎರಡು ಸಾಲು ನುಂಗಿದೆ" ಎಂದು ಅಲ್ಲಿಯವನು ನಕ್ಕ. ನಾನು ಅವನನ್ನು ಬೈಯಲಿಲ್ಲ. ಎರಡನೆಯ ಠಾಣೆಯಲ್ಲಿ ಹದಿನೈದನೆಯ ತಾರೀಖು ಬಂದ ಸಹಿ ಇದೆ. ಹೊರಟ ಸಹಿ ಇಲ್ಲ. ಐದು ದಿನದಿಂದ ಅಲ್ಲೇ ಇದ್ದಾರೆ, ಹೊರಗೆ ಬೈಕಿನ ಪಕ್ಕ ಕೂತಿರುತ್ತಾರೆ, ಗೋಡೆ ಹಿಡಿದು ಒಳಗೆ ಬರುತ್ತಾರೆ ಎಂದರು. ಫೋನಿಗೆ ಕರೆಯಿರಿ ಎಂದೆ. ಹೋಗಿಬಂದು, "ಬರಲ್ಲ ಅಂತಾರೆ. ಕಾಗದ ಬರೀಬೇಕಂತೆ ನೀವು" ಎಂದರು.

ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಠಾಣೆಗಳಿಗೆ ಪೆಟ್ರೋಲ್ ಒಯ್ಯುವ ಲಾರಿ ಹೊರಡುತ್ತದೆ, ಅದರ ಡ್ರೈವರ ಕೈಯಲ್ಲಿ ಕೊಡುತ್ತೇನೆ. ನನ್ನನ್ನೂ ಹತ್ತಿಸಿಕೊ ಎಂದು ಕೇಳಿದೆ. ಆ ದಾರಿಗೆ ಬಿಡುವ ಚೀಟಿ ಬೇಕು, ಸಿಗಲು ಹತ್ತು ದಿನವಂತೆ. ಅರ್ಜಿ ಕೊಟ್ಟಿದ್ದೇನೆ.

ಭಾವ, ಆ ಲಾರಿಯಲ್ಲೇ ವಾಪಸು ಬನ್ನಿ. ಇದು ಅಕ್ಕನ ಮಾತಲ್ಲ, ನನ್ನದು. ಮುಂದಿನದು ದಪ್ಪ ಜಲ್ಲಿ ಎಂದು ನೀವೇ ಬರೆದಿದ್ದಿರಿ. ನಿಮ್ಮ ಬೇಸಿಗೆಯನ್ನು ನಾನು ತಿಂದೆ, ಅದನ್ನು ತಿರುಗಿಸಿ ಕೊಡುವ ದಾರಿ ನನಗೆ ಗೊತ್ತಿಲ್ಲ. ಇಲ್ಲಿ ಬಿಳಿಯ ಪಟ್ಟಿಯ ಬಾಗಿಲಿಗೆ ಎದುರಾಗಿ ಕೂತಿದ್ದೇನೆ. ಕೆಳಗೆ ಯಂತ್ರ ನಿಂತಾಗಲೆಲ್ಲ ಮೆಟ್ಟಿಲ ಮೇಲೆ ನಿಮ್ಮ ಕಾಲಿನ ಸಪ್ಪಳವೇನೋ ಎಂದು ಎದ್ದೇಳುತ್ತೇನೆ.

ಮಾತು ಮುಗಿಯಿತು. ನನಗೂ ಮಾತು ಮುಗಿಯುತ್ತದೆ ನೋಡಿ.

ನಿಮ್ಮ ಭಾಮೈದ


೨೭ ಆಗಸ್ಟ್

ಭಾಮೈದ,

ಅಳತೆಪಟ್ಟಿಯ ಅಂಚು ತಡವಿಕೊಂಡು ಬರೆಯುತ್ತಿದ್ದೇನೆ, ಆದರೆ ನಿನ್ನ ಕಾಗದವನ್ನು ಓದಲಾಗಲಿಲ್ಲ. ಇಲ್ಲಿ ಓದಿ ಹೇಳುವವರೂ ಇಲ್ಲ. ನಾಲ್ಕು ಹಾಳೆ ಇದೆ ಎಂದು ಎಣಿಸಿಕೊಂಡೆ. ವಾಪಸು ಬಾ ಎಂದಿರುತ್ತೀಯ.

ಎರಡನೆಯ ಠಾಣೆಯಲ್ಲಿ ಗುಂಡಿಯಷ್ಟಿದ್ದ ಬೆಳಕೂ ಮುಚ್ಚಿತು. ಒಂದು ಬೆಳಿಗ್ಗೆ ಎದ್ದಾಗ ಎಲ್ಲ ಹೊಗೆ. ಬೈಕಿನ ಪಕ್ಕ ಕೂತಿದ್ದೆ, ಏಳಲು ಕಾರಣ ಕಾಣದೆ. ಲಾರಿ ಬಂತು. ಅದರ ಹಿಂದಿನ ಕೆಂಪು ದೀಪ ಹೊಗೆಯೊಳಗೆ ಕೆಂಡದ ಹಾಗೆ ಕಂಡಿತು. ಅದೊಂದೇ ಕಂಡಿತು. ಡ್ರೈವರನಿಗೆ ಹೇಳಿದೆ, ನೀನು ದೀಪ ಉರಿಸಿಕೊಂಡು ಸೈಕಲ್ಲಿನ ವೇಗದಲ್ಲಿ ಹೋಗು, ನಾನು ಹಿಂದೆ ಬರುತ್ತೇನೆ. "ಹುಚ್ಚು ಹಿಡಿದಿದೆಯಾ ಯಜಮಾನ್ರೇ?" ಎಂದ. ಆದರೂ ಹಾಗೇ ಮಾಡಿದ. ನಾಲ್ಕು ದಿನ. ಆರು ಸಲ ಬಿದ್ದೆ. ಪ್ರತಿ ಸಲ ಹಾರ್ನ್ ಒತ್ತುತ್ತಿದ್ದೆ, ಅವನು ನಿಲ್ಲಿಸುತ್ತಿದ್ದ. ಎಡಗೈಯ ಮಣಿಕಟ್ಟು ಊದಿದೆ.

ಕಂಬ ಸಿಕ್ಕಿತು. ಫೋಟೋದಲ್ಲಿ ನೆಟ್ಟಗಿತ್ತು. ಈಗ ವಾಲಿದೆ. ನಾನು ಒರಗಿಕೊಂಡಾಗ ಅದು ಬೆನ್ನಿಗೆ ತಿಳಿಯಿತು. ಮುಂದೆ ಏನಿದೆ ಎಂದು ಡ್ರೈವರನನ್ನು ಕೇಳಿದೆ. "ಏನೂ ಇಲ್ಲ" ಎಂದ. ಸರಿಯಾದ ಜಾಗಕ್ಕೇ ಬಂದಿದ್ದೇನೆ ಎಂದು ಗೊತ್ತಾಯಿತು.

ಅಳಲಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ.

ಬೈಕ್ ಇಲ್ಲೇ ಬಿಟ್ಟು ಬರಲಾರೆ, ಓಡಿಸಿಕೊಂಡೂ ಬರಲಾರೆ. ಠಾಣೆಯವರನ್ನು ಕರೆದೊಯ್ಯಲು ಸೆಪ್ಟೆಂಬರ್ ಹತ್ತಕ್ಕೆ ಕೊನೆಯ ಲಾರಿ ಬರುತ್ತದೆ. ನೀನು ಬಂದರಿನಲ್ಲಿ ಚೀಟಿಗೆ ಕಾಯುತ್ತಿದ್ದೀಯೆಂದು ಡ್ರೈವರ ಹೇಳಿದ; ಅಷ್ಟರಲ್ಲಿ ಅದು ಸಿಕ್ಕಿರುತ್ತದೆ, ಅದರಲ್ಲೇ ಬಾ. ಬೈಕನ್ನು ಪೆಟ್ಟಿಗೆಗೆ ಹಾಕಿ ಆ ಲಾರಿಯಲ್ಲೇ ಒಯ್ಯೋಣ. ಇಲ್ಲಿ ಮರ ಹುಟ್ಟುವುದಿಲ್ಲ, ಹದಿನಾರು ಹಲಗೆ ತಾ. ನಿನ್ನ ಮುದ್ರೆ ಹೋಗಿದ್ದರೆ ಬಂದರಿನವರ ಹತ್ತಿರ ಒತ್ತಿಸಿಕೊಂಡು ತಾ. ಮೊಳೆ ಹೊಡೆಯುವವನು ನೀನೇ, ಬೇರೆ ಯಾರೂ ನನ್ನ ಬೈಕ್ ಮುಟ್ಟಕೂಡದು.

ಎಣಿಸುವವನು ನಾನು. ಸುಟ್ಟ ಮುದ್ರೆಗೆ ಕುಳಿ ಇರುತ್ತದೆ, ಬೆರಳಿಗೆ ಸಿಗುತ್ತದೆ. ಎಷ್ಟು ಸುತ್ತು ಬೇಕಾದರೂ ಹಾಕುತ್ತೇನೆ. ಹದಿನೈದು ಸಿಕ್ಕರೆ, ಈ ಸಲ, ಹದಿನೈದು ಎನ್ನುತ್ತೇನೆ.

ಭಾವ